ಟವೆಲ್ಲು

ಮನ್ಯಾಗ ಊದಬೇಕಂದ್ರ ಬಾಯಿಗೆ ಟವೆಲ್ ತುರುಕಬೇಕು.
ನನ್ನ ಬಾಯಿಗಲ್ಲ, ಟ್ರಂಪೆಟ್ಟಿನ ಬಾಯಿಗೆ.
ಬಾಜೂಕ ರಾತ್ರಿಪಾಳಿ ಮುಗಿಸಿ ಮಲಗಿದ ಕ್ರೇನಿನ ಬಸಲಿಂಗ,
ನಡುವಿನ ಗ್ವಾಡಿ ಅಂದ್ರ ಒಂದು ತಗಡು.
ಸ್ವರ ಹೊರಗ ಬರೂದಿಲ್ಲ, ಒಳಗಽ ಸುತ್ತತೈತಿ
ಬೀಗರ ಮುಂದ ನುಂಗಿದ ಮಾತಿನಂಗ.

ವಾಸ್ಕೋ ಬಂದರದಾಗ ಅಪ್ಪ ಯಮನೂರಪ್ಪ
ಮೂವತ್ತು ವರ್ಷ ಅದಿರಿನ ಧೂಳು ಕುಡದ.
ಅವನ ಅಂಗಿ ಒಗದ ನೀರು ಗಟಾರದಾಗ ಕೆಂಪಗ ಹರೀತಿತ್ತು.
"ಬಾದಾಮಿ ಗುಡ್ಡ ಕರಗಿ ಬಂದೈತಿ ನೋಡು" ಅಂತಿದ್ಲು ಅವ್ವ.

ಇನಾಸ್ ಮಾಸ್ತರನ ಹಂತ್ಯಾಕ ನಾ ಕಲಿಯಾಕ ಹೊಂಟಾಗ
ಅಪ್ಪ ಕೇಳಿದ್ದು ಒಂದಽ ಮಾತು:
"ಇದಕ್ಕ ಪಗಾರ ತಿಂಗಳಿಗೋ, ವಾರಕ್ಕೋ?"
ಇವತ್ತಿಗೂ ಉತ್ತರ ಗೊತ್ತಿಲ್ಲ.
ಡಿಸೆಂಬರದಾಗ ಕೇಳಿದ್ರ ಒಂದು ಹೇಳತೀನಿ,
ಜೂನದಾಗ ಇನ್ನೊಂದು.
ಮಳಿ ಹಿಡದ ಮ್ಯಾಲ ಹೊಟೇಲಿನವರು ಮರೀತಾರ,
ಸತ್ತವರಷ್ಟಽ ನೆನಪಿಟ್ಟು ಕರಸತಾರ.
ಪೆಟ್ಟಿಗಿ ಮುಂದ ತೊಯಿಸಿಕೊಂತ ಊದಿಕೊಂತ
ಇಗರ್ಜಿಯಿಂದ ಸಿಮಿತ್ರಿತನಕ,
ದಾರಿ ಎಷ್ಟು ಉದ್ದ ಇದ್ರೂ ರೊಕ್ಕ ಅಷ್ಟಽ.

ಕಸ್ತೂರಿ ನನ್ನ ಕರೀ ಕೋಟಿಗೆ ಗುಂಡಿ ಹಚ್ಚತಾಳ.
"ನಿಮ್ಮಪ್ಪನ ಉಸರು ಅದಿರಿಗೆ ಹೋತು,
ನಿಮ್ಮದು ಹಿತ್ತಾಳಿಗೆ. ಮನಿಗೆ ಯಾವಾಗ ಬರತೈತಿ?"
ದಾರ ಹಲ್ಲಿಲೆ ಕಡದು ನಗತಾಳ,
ನಕ್ಕಿದ್ದಕ್ಕಽ ಮತ್ತ ಸಿಟ್ಟಿಗೇಳತಾಳ.

ಮುಂದಿನ ಹಲ್ಲು ಅಲ್ಲಾಡಾಕ ಹತ್ತಿ ಎರಡು ತಿಂಗಳಾತು.
ಊದಾವನಿಗೆ ಅದು ಮನಿಯ ನಡುಗಂಬ.
ಡಾಕ್ಟರ್ ಹೇಳಿದ್ದು ರೇಣುನ ಸಾಲಿ ಫೀಸಿನಷ್ಟು,
ಮ್ಯಾಲ ನಾಕನೂರು.
ನಾ ಯಾರಿಗೂ ಹೇಳಿಲ್ಲ. ಕಸ್ತೂರಿ ಏನೂ ಕೇಳಿಲ್ಲ.
ಸುಮ್ಮನ ಖಡಕ್ ರೊಟ್ಟಿ ಬಿಟ್ಟು
ಎರಡೂ ಹೊತ್ತು ಅನ್ನ ಮಾಡಾಕ ಹತ್ಯಾಳ.

ನಿನ್ನೆ ಕಲಂಗೂಟದಾಗ ಕಡೀ ಬಸ್ಸು ತಪ್ಪಿ
ಮನಿ ಮುಟ್ಟಿದಾಗ ಬೆಳಕು ಹರದಿತ್ತು.
ಹಾಸಗ್ಯಾಗ ಎದ್ದು ಕುಂತ ರೇಣು
ಮಾಸ್ತರ ಕೊಟ್ಟ ಹಳೇ ಮೌತ್‌ಪೀಸು ತುಟಿಗೊತ್ತಿ
ಗುಂಯ್ ಅನಸತಿದ್ಲು, ಡಬ್ಬ್ಯಾಗಿನ ದುಂಬಿಯಂಗ.
ಬಂದರದಾಗ ಹಡಗೊಂದು ಕೂಗಿತು.
ಆ ದನಿ ಹಿಡಿಯಾಕ ಹೋದಳು, ಸಿಗಲಿಲ್ಲ. ಮತ್ತ ಹೋದಳು.
ನಾ ಬೂಟು ಕೈಯಾಗ ಹಿಡಕೊಂಡು ಬಾಗಲದಾಗ ನಿಂತೆ,
ಟವೆಲ್ ಎಲ್ಲೈತಿ ಅಂತ ಕಣ್ಣಾಡಿಸಿದೆ.

ಅಷ್ಟ್ರಾಗ ತಗಡಿನ ಆಚಿಂದ ಬಸಲಿಂಗಂದು ನಿದ್ದಿಗಣ್ಣಿನ ದನಿ:
"ಇನ್ನೊಂದೀಟು ಮ್ಯಾಲ, ತಂಗಿ."