ಡಬಲ್ ಬೆಲ್

ಹುಬ್ಬಳ್ಳಿ–ಗದಗ, ಹತ್ತೊಂಬತ್ತು ವರ್ಷ ನಿಂತ ಹೋಗೇನಿ.
ಅಣ್ಣಿಗೇರಿ ದಾಟಿದ ಮ್ಯಾಲ ಒಂದೊಂದು ತಗ್ಗೂ
ನನ್ನ ನಡಕ್ಕ ಗೊತ್ತು.
ಕೈ ಜಾರಿದ ಚಿಲ್ಲರ ಬಗ್ಗಿ ಎತ್ತಲಾರದ ಬಿಟ್ಟು
ರಾತ್ರಿ ಡಿಪೋದಾಗ ಸ್ವಂತ ರೊಕ್ಕ ತುಂಬೇನಿ.

"ಬೆನ್ನೆಲುವಿನ ಬಾಜೂಕ ಒಂದು ಸ್ನಾಯು ಐತಿ, ಫಕ್ಕೀರವ್ವ,
ನಿದ್ದಿ ಹೊಡ್ಯಾಕತ್ತೈತಿ" ಅಂದ್ರು ಡಾಕ್ಟರು.
ಎಬ್ಬಸಾಕ ಎರಡು ತಂತಿ ಒಳಗ ಬಿಟ್ರು,
ಟೊಂಕದ ತೊಗಲಿನ ಕೆಳಗ
ಬೆಂಕಿಪೊಟ್ಟಣದಷ್ಟು ಬ್ಯಾಟರಿ.

ಮುಂಜಾನೆ ಅರ್ಧ ತಾಸು, ಸಂಜೀಕ ಅರ್ಧ ತಾಸು
ಮಗ್ಗಲಾಗಿ ಮಲಗಿ ರಿಮೋಟು ಒತ್ತತೀನಿ.
ಒಳಗ ಯಾರೋ ಹಗ್ಗ ಜಗ್ಗಿ ಹಿಡೀತಾರ, ಹತ್ತು ಎಣಸೂತನಾ,
ಬಿಡತಾರ. ಮತ್ತ ಜಗ್ಗತಾರ.
ಬಾಯಿ ತಾನ "ರೈಟ್" ಅಂತೈತಿ. ರೂಢಿ.
ಮೊಮ್ಮಗಳು ನಗತಾಳ:
"ಆಯಿ, ಬಸ್ಸ ಎಲ್ಲೈತಿ?"

ಮೂರು ತಿಂಗಳಾತು. ನೋವು ಇಳಿದಿಲ್ಲ;
ಸೀಟು ಬಿಟ್ಟೆದ್ದು ಬಾಗಲದಾಗ ಬಂದು ನಿಂತೈತಿ, ಅಷ್ಟ.

ನಿನ್ನೆ ಸೆರಗಿನ ಗಂಟು ಬಿಚ್ಚುವಾಗ
ಒಂದು ರೂಪಾಯಿ ಬಿತ್ತು.
ಬಗ್ಗಿದೆ.
ಕೈ ಮೊಣಕಾಲು ದಾಟಿ ನಿಂತಿತು.

ರೂಪಾಯಿ ಇನ್ನೂ ಅಲ್ಲೇ ಐತಿ.
ಯಾರೂ ಎತ್ತಬ್ಯಾಡ್ರಿ ಅಂತ ಹೇಳೇನಿ.