ನಿಂತದ್ದು

ಉದ್ಯಾವರ ಸೇತುವೆಯ ನಟ್ಟನಡುವೆ
ಕ್ಲಚ್ಚು ಕಾಲಿಗೆ ಸಿಗದೆ ಹೋಯಿತು.
ಒತ್ತಿದೆ, ಗಾಳಿಯನ್ನು ಒತ್ತಿದ ಹಾಗೆ.
ಟೆಂಪೊ ಹಳೆಯ ಋಣದಲ್ಲಿ ಇನ್ನೊಂದಿಷ್ಟು ಉರುಳಿ
ನಿಂತಿತು.

ಬೆಳಗಿನ ಜಾವ ಐದೂಕಾಲು. ಹಿಂದೆ
ಮಲ್ಪೆ ದಕ್ಕೆಯ ಹದಿನಾಲ್ಕು ಬಾಕ್ಸು ಬಂಗುಡೆ, ಎರಡು ಬೂತಾಯಿ.
ಪಕ್ಕದಲ್ಲಿ ವಾರಿಜಕ್ಕ,
ಮೂಲ್ಕಿ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷದಿಂದ ಅದೇ ಮೂಲೆ, ಅದೇ ಮಣೆ.
"ಎಂತಾಯ್ತು ಜಯಕರ?"
ಅವಳ ಬಾಗಿಲು ಅರ್ಧ ತೆರೆದು ಕಟ್ಟೆಗೆ ಬಡಿಯಿತು.

ಚಕ್ರಕ್ಕೂ ಕಟ್ಟೆಗೂ ನಡುವೆ ಬಿಟ್ಟದ್ದು ಒಂದು ಗೇಣು.
ಆ ಗೇಣಿನಲ್ಲಿ ಒಂಟಿ ಹವಾಯಿ ಚಪ್ಪಲಿ,
ಯಾರದೋ, ಯಾವತ್ತಿನದೋ.
ನನ್ನ ಬಾಗಿಲ ಆಚೆ ಉಳಿದ ಲೋಕವೆಲ್ಲ,
ತೊಂಬತ್ತರ ವೇಗದಲ್ಲಿ.

ಊರ ರಸ್ತೆಯಾದರೆ ಗೊತ್ತಿದ್ದ ವಿದ್ಯೆ:
ಬದಿಯ ಗಿಡದಿಂದ ಸೊಪ್ಪು ಮುರಿದು
ಹಿಂದೆ ಇಪ್ಪತ್ತು ಹೆಜ್ಜೆಗೆ ಒಂದು ಕೊಂಬೆ,
ಅದರ ಬುಡಕ್ಕೆ ಎರಡು ಕಲ್ಲು.
ರಸ್ತೆಯ ಮೇಲೆ ಹಸಿರು ಬಿದ್ದದ್ದು ಕಂಡರೆ
ಲಾರಿಯವನಿಗೆ ಯಾರೂ ಹೇಳಬೇಕಾಗಿಲ್ಲ,
ಮುಂದೆ ಒಬ್ಬನ ಹೊಟ್ಟೆಪಾಡು ಕೆಟ್ಟು ನಿಂತಿದೆ ಎಂದು.
ಸೇತುವೆಯ ಮೇಲೆ ಎಂತದನ್ನು ಮುರಿಯುವುದು?
ಕೆಳಗೆ ಹೊಳೆಬದಿಯ ಕಾಂಡ್ಲಾ, ಕಪ್ಪಗೆ,
ಸೊಪ್ಪೆಲ್ಲ ಅಲ್ಲಿ.

ಹಿಂದಿನ ಸಿಗ್ನಲ್ಲು ಒಂದೇ ಮಿನುಗುತ್ತಿತ್ತು.
ಇನ್ನೊಂದನ್ನು ಚೌತಿಯ ಮೊದಲೇ ಹಾಕಿಸಬೇಕೆಂದು...
ಇರಲಿ.

ಮುಂಬೈಯಿಂದ ಬರುವ ಸ್ಲೀಪರ್ ಬಸ್ಸು
ತನ್ನ ಹಾರ್ನಿಗಿಂತ ಮೊದಲೇ ಬಂತು.
ಟೆಂಪೊ ಇಡೀ ನಡುಗಿ, ಮತ್ತೆ ತನ್ನೊಳಗೆ ಕೂತಿತು.
ಆಮೇಲೆ ಬಲಗಡೆಯ ಕನ್ನಡಿ ಇರಲಿಲ್ಲ.

ವಾರಿಜಕ್ಕ ಮೈಯನ್ನು ಅಡ್ಡ ಮಾಡಿ ಹೊರಗೆ ಜಾರಿ
ಹಿಂದೆ ಹೋಗಿ ಹಗ್ಗ ಬಿಚ್ಚಿದಳು.
"ಇಳಿಸು, ಒಂದೊಂದೇ ಬಾಕ್ಸು."
"ಬಂಗುಡೆ ಅಕ್ಕ, ಇವತ್ತು ಇನ್ನೂರೈವತ್ತರ ಮಾಲು!"
"ಸೊಪ್ಪು ಇಲ್ಲದಲ್ಲಿ ಮೀನು ಇಡುವುದು ಮಾರಾಯ.
ಬೇಗ."

ಕಟ್ಟೆಗೆ ತೋಳು ಉಜ್ಜಿಕೊಂಡು ಹಿಂದಕ್ಕೆ ನಡೆದೆವು.
ಬಿಳಿ ಥರ್ಮಕೋಲಿನ ಪೆಟ್ಟಿಗೆ ಐದು,
ಒಂದರ ಹಿಂದೊಂದು, ಓರೆಯಾಗಿ,
ಮುಚ್ಚಳ ಹೊಳೆಗಾಳಿಗೆ ಹಾರದಂತೆ ಮೇಲೆ ಐಸಿನ ಗಡ್ಡೆ.
ಎಲ್ಲಕ್ಕಿಂತ ಹಿಂದೆ ಅವಳೇ ನಿಂತಳು,
ಮೊಬೈಲಿನ ಬೆಳಕನ್ನು ಒಂದು ಮುಚ್ಚಳಕ್ಕೆ ಹಿಡಿದು.
ಬಾ ಎಂದರೆ ಬರಲಿಲ್ಲ.

ಮೊದಲ ಲಾರಿ ಬಳಸಿ ಹೋಯಿತು. ಎರಡನೆಯದೂ.
ಮೂರನೆಯವನಿಗೆ ನಿದ್ದೆಯೋ, ಮನೆಯ ನೆನಪೋ,
ಪೆಟ್ಟಿಗೆ ಒಡೆದ ಸದ್ದಿಗೆ ಎಚ್ಚರಾಗಿ
ಬಲಕ್ಕೆ ಎಳೆದುಕೊಂಡು, ಟೆಂಪೊದ ಬಣ್ಣ ಕೆರೆದು, ಹೋದ.
ಅವನ ಬೆಳಕಿನಲ್ಲಿ ಒಂದು ಕ್ಷಣ
ಬಂಗುಡೆಗಳು ರಸ್ತೆಯುದ್ದಕ್ಕೂ ಈಜಿದವು.
ಮತ್ತೆ ಕತ್ತಲೆ. ಐಸಿನ ಚೂರು. ಬ್ರೇಕು ಸುಟ್ಟ ವಾಸನೆ.
"ಅಕ್ಕಾ!"
"ಉಂಟು ಉಂಟು, ಇಲ್ಲೇ ಉಂಟು,"
ಕಟ್ಟೆಯನ್ನು ತಬ್ಬಿಕೊಂಡು.

ಆರು ಗಂಟೆಗೆ ಜೀಪಿನಲ್ಲಿ ಬಂದ ಹಳದಿ ಜಾಕೆಟ್ಟಿನ ಹುಡುಗ
ಮೂರು ಕೆಂಪು ಕೋನು ಇಟ್ಟು, ನಂಬರು ಬರೆದುಕೊಂಡು,
"ಇಲ್ಲಿ ನಿಲ್ಲಿಸಬಾರದಿತ್ತು, ಶೋಲ್ಡರ್ ಇಲ್ಲ," ಅಂದ.
ನಿಲ್ಲಿಸಿದ್ದಲ್ಲ ಅಣ್ಣ,
ನಿಂತದ್ದು.

"ಎಂತ ಇಲ್ಲವಂತೆ?" ವಾರಿಜಕ್ಕ ಕೇಳಿದಳು.
ಹೆಗಲು ಅಕ್ಕ. ರಸ್ತೆಗೆ ಹೆಗಲಿಲ್ಲವಂತೆ.
ಅವಳು ಕೈಯ ಐಸುನೀರು ಸೆರಗಿಗೆ ಒರೆಸಿ
ಹುಡುಗನ ಪುಸ್ತಕ ನೋಡಿದಳು.
"ಅವನು ಸ್ವಲ್ಪ ಎಡಕ್ಕೆ ಬಂದಿದ್ದರೆ
ನಮ್ಮಿಬ್ಬರಿಗೆ ಎಂಟು ಹೆಗಲು ಬೇಕಾಗುತ್ತಿತ್ತು,
ಅದನ್ನೂ ಬರೆದುಕೋ ಮಗ."

ಉಳಿದ ಬಾಕ್ಸುಗಳೊಂದಿಗೆ ಇನ್ನೊಂದು ಟೆಂಪೊ ಹತ್ತಿ
ಅವಳು ಮೂಲ್ಕಿಗೆ ಹೋದಳು. ಹತ್ತಕ್ಕೆ ಎಲ್ಲ ಖಾಲಿಯಂತೆ.
ನಾನು ಕ್ರೇನಿನ ಕೊಕ್ಕೆಗೆ ತೂಗುತ್ತಾ ಕಟಪಾಡಿಗೆ.

ಈಗ ಟೆಂಪೊದಲ್ಲಿ ಒಂದು ಹಲಸಿನ ಕೊಂಬೆ ಉಂಟು.
ಬಾಡಿದರೆ ಬದಲಿಸುತ್ತೇನೆ.
"ಆಡಿಗಾ ಅಣ್ಣ?" ಕೇಳುತ್ತಾನೆ ಹೊಸ ಕ್ಲೀನರು.
ಹೌದೆಂದು ತಲೆ ಆಡಿಸುತ್ತೇನೆ.
ಅವನು ಕೇಳುವುದು ಯಾವಾಗಲೂ ಸೇತುವೆಯ ಮೇಲೆ,
ಎಡಗಾಲ ಕೆಳಗೆ ಕ್ಲಚ್ಚು ಉಂಟಾ
ಎಂದು ನಾನು ನೋಡಿಕೊಳ್ಳುವ ಹೊತ್ತಿಗೆ.