ಯಾರನ್ನು ಕಾಣಬೇಕು

ಎಂಟೂವರೆಗೆ ಬೀಗ ಹಾಕುತ್ತೇನೆ.
ಒಳಗೆ ಯಾರೂ ಇಲ್ಲ. ಕದಿಯುವಂಥದ್ದೂ ಇಲ್ಲ,
ಒಂದು ಕಂಪ್ಯೂಟರು, ಹಳೆಯ ವರ್ನಿಯರು,
ಕುಕ್ಕರಿನಲ್ಲಿ ಆರುತ್ತಿರುವ ಬೇಳೆ.

ಮೂರು ಮಹಡಿ ಇಳಿದು, ಕಾಲಿಗೆ ಬೂಟು, ಹೆಗಲಿಗೆ ಚೀಲ,
ಚಿಂಚವಾಡದ ಈ ಸೊಸಾಯಿಟಿಗೆ ಒಂದು ಸುತ್ತು:
ನೀರಿನ ಟ್ಯಾಂಕರು, ಇಸ್ತ್ರಿಯವನ ಗಾಡಿ,
ಭೋಸರಿಯ ಕಂಪನಿ ಬಸ್ಸಿಗೆ ಕಾಯುವ ನೀಲಿ ಅಂಗಿಗಳು.
ಹದಿನೇಳು ವರ್ಷ ಆ ಸಾಲಿನಲ್ಲಿ ನಾನೂ ಇದ್ದೆ.
ಬಸ್ಸು ಬರುತ್ತದೆ, ಬಾಗಿಲು ತೆರೆದು
ಒಂದು ಗಳಿಗೆ ನನ್ನನ್ನೂ ನೋಡಿ
ಹೋಗುತ್ತದೆ.
ನಾನು ತಿರುಗಿ ಮೂರು ಮಹಡಿ ಹತ್ತಿ
ಅದೇ ಬೀಗ ತೆಗೆದು
ಕೆಲಸಕ್ಕೆ ಬರುತ್ತೇನೆ.

ಮೊದಮೊದಲು ಹೀಗಿರಲಿಲ್ಲ.
ಶಿವಲೀಲಾ ಹಂಪಿಹೊಳಿ, ಡೈ ವಿನ್ಯಾಸ, ಅಂತ
ಐನೂರು ಕಾರ್ಡು ಮಾಡಿಸಿದ್ದೆ.
ನಾನೂರ ಎಂಬತ್ತು ಇನ್ನೂ ಬೆಳ್ಳುಳ್ಳಿ ಡಬ್ಬಿಯ ಪಕ್ಕ ಇವೆ.
ನೈಟಿಯಲ್ಲೇ ಹನ್ನೊಂದಾಗುತ್ತಿತ್ತು.
ಡ್ರಾಯಿಂಗು ತೆರೆದರೆ ಒಗೆಯುವ ಬಟ್ಟೆ ಕರೆಯುತ್ತಿತ್ತು,
ಬಟ್ಟೆ ನೆನೆಹಾಕಿದರೆ ಡ್ರಾಯಿಂಗು.
ನಡುವೆ ಒಂದು ಚಹಾ. ಚಹಾಕ್ಕೊಂದು ಫೋನು.
ಸಂಜೆ ಏಳಕ್ಕೆ ಇದ್ದಕ್ಕಿದ್ದಂತೆ ಮೈತುಂಬ ಹುರುಪು:
ನಾಳೆಯಿಂದ.
ನಾಳೆ ಒಂದು ಉದ್ರಿ ಅಂಗಡಿ,
ಎಷ್ಟು ಕೇಳಿದರೂ ತೂಗಿ ಕೊಡುತ್ತದೆ.

ಮೈಗಳ್ಳಿ ಅಲ್ಲ ನಾನು.
ಕಂಪನಿಯಲ್ಲಿ ಪಾತ್ರುಡಕರ ಸಾಹೇಬರು
ಗಡಿಯಾರ ನೋಡಿ ಕೆಮ್ಮುತ್ತಿದ್ದರು.
ಆ ಕೆಮ್ಮನ್ನು ಹದಿನೇಳು ವರ್ಷ ಮನಸಾರೆ ಬೈದೆ.
ಬಿಟ್ಟು ಬಂದ ಮೇಲೆ ಗೊತ್ತಾಯಿತು
ನನ್ನ ಬೆನ್ನುಮೂಳೆಯಲ್ಲಿ ಅರ್ಧ ಅದರದೇ.

ಜೂನಿನಲ್ಲಿ ಚಾಕಣದ ಗಿರಾಕಿ ಫೋನು ಮಾಡಿದ.
ಮೇಡಂ, ನಾಲ್ಕು ದಿನ ತಡ ಆಯಿತು,
ಬೇರೆಯವರಿಗೆ ಕೊಟ್ಟೆವು.
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು,
ಜಗಳಕ್ಕಾದರೂ ಎದ್ದು ನಿಲ್ಲುತ್ತಿದ್ದೆ.
ಮರುದಿನ ಬೂಟು ಹುಡುಕಿದೆ. ಒಳಗೆ ಜೇಡ ಮನೆ ಮಾಡಿತ್ತು.

ಗೇಟಿನ ತಾಪಕೀರ ಮಾಮಾ ದಿನಾ ಕೇಳಿದ:
'ಕಾಯ್ ತಾಈ, ಏನಾದರೂ ಮರೆತಿರಾ?'
ಒಂದು ದಿನ ಛತ್ರಿ ಅಂದೆ, ಒಂದು ದಿನ ಕನ್ನಡಕ
(ಕಣ್ಣ ಮೇಲೇ ಇತ್ತು),
ಒಂದು ದಿನ ಗ್ಯಾಸು.
ಕೊನೆಗೆ ಸುಳ್ಳು ತೀರಿ ಹೇಳಿದೆ:
ಆಫೀಸಿಗೆ ಬಂದಿದ್ದೇನೆ ಮಾಮಾ.

ನಗಲಿಲ್ಲ ಅವನು.
ರಾತ್ರಿ ಬ್ಯಾಂಕು, ಹಗಲು ಗೇಟು ಕಾಯುವವನು,
ಎರಡು ಕೆಲಸದ ನಡುವೆ ಅಂಗಿಯನ್ನಷ್ಟೇ ಬದಲಿಸುವವನು.
ಹೊರಗಿನಿಂದ ಬಂದವರು ಬರೆಯಬೇಕು ಅಂದು
ದಾರ ಕಟ್ಟಿದ ಪೆನ್ನಿನ ಸಮೇತ
ರಿಜಿಸ್ಟರು ನನ್ನ ಕಡೆ ಸರಿಸಿದ.

ಹೆಸರು. ಬರೆದೆ.
ಎಲ್ಲಿಂದ. ಮುನ್ನೂರ ನಾಲ್ಕು.
ಹೊತ್ತು. ಎಂಟು ನಲವತ್ತೈದು.
ಯಾರನ್ನು ಕಾಣಬೇಕು.
ಅಲ್ಲಿ ಪೆನ್ನು ನಿಂತಿತು.
ಹಿಂದೆ ಹಾಲಿನವನು ಕಾಯುತ್ತಿದ್ದ.
ಮುನ್ನೂರ ನಾಲ್ಕು, ಶಿವಲೀಲಾ, ಅಂತ ಬರೆದೆ.

ಕೆಲವು ದಿನ ಅವಳು ಸಿಗುವುದಿಲ್ಲ.
ಶ್ರಾವಣದಲ್ಲಿ ಮೂರು ದಿನ ಇಳಿಯಲೇ ಇಲ್ಲ,
ಜ್ವರವೂ ಅಲ್ಲ, ಹಬ್ಬವೂ ಅಲ್ಲ, ಸುಮ್ಮನೆ.
ನಾಲ್ಕನೆಯ ದಿನ ನೋಡಿದರೆ
ಮಾಮಾ ಮೂರು ತಾರೀಕು ಹಾಕಿ
ಮೂರು ಸಾಲು ಖಾಲಿ ಬಿಟ್ಟಿದ್ದ.
ನಾನು ತುಂಬಿಸಲಿಲ್ಲ.

ಡ್ರಾಯಿಂಗಿನಲ್ಲಿ ಪ್ರತಿ ಅಳತೆಯ ಪಕ್ಕ
ಇಷ್ಟು ತಪ್ಪಬಹುದು ಅಂತ ಬರೆಯುತ್ತೇವೆ,
ಕೂದಲಿಗಿಂತ ತೆಳುವಾದ ಒಂದು ಅಂಕಿ.
ಅದನ್ನು ಬಿಟ್ಟುಕೊಟ್ಟರೇ ತೂತಿಗೆ ಪಿನ್ನು ಕೂಡುವುದು.
ಬರೆದು ಬರೆದು ಕೈಗೆ ರೂಢಿ,
ನನ್ನ ದಿನಕ್ಕೆ ಮಾತ್ರ ಎಂದೂ ಬರೆದಿರಲಿಲ್ಲ.

ಇವತ್ತು ಎಂಟು ನಲವತ್ತೇಳು.
ನಲವತ್ತೈದು ಅಂತ ಬರೆಯಬಹುದಿತ್ತು,
ಮಾಮಾ ಟ್ಯಾಂಕರಿನ ಕಡೆ ನೋಡುತ್ತಿದ್ದ.
ನಲವತ್ತೇಳು ಅಂತಲೇ ಬರೆದು
ಮೂರು ಮಹಡಿ ಹತ್ತಿದೆ.
ಬಾಗಿಲ ಸಂದಿಯಿಂದ ಬೇಳೆಯ ವಾಸನೆ.
ಬೀಗದಲ್ಲಿ ಕೀಲಿ ಇಟ್ಟು,
ತಿರುಗಿಸುವ ಮೊದಲು,
ಗಡಿಯಾರ ನೋಡಿ
ಒಮ್ಮೆ
ಕೆಮ್ಮಿದೆ.